ಮುಂಗಾರಿನ ಹೊತ್ತಿಗೆ ಇಂಗ್ಲೆಂಡಿಗೆ: ಕ್ಲಬ್ ಕ್ರಿಕೆಟ್ಟಿನ ವೀಸಾ ದಾರಿ

2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ನಡೆದ ಟಿ20 ವಿಶ್ವಕಪ್ ಪಂದ್ಯದಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿತು. ಅಂದು 30 ರನ್ನಿಗೆ 3 ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನೊಸ್ತುಷ್ ಕೆಂಜಿಗೆ ಬೆಳೆದದ್ದು ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ. ಬೆಂಗಳೂರಿನ ಕ್ಲಬ್ ಕ್ರಿಕೆಟ್ಟಿನಲ್ಲಿ ಬೆವರು ಸುರಿಸಿದರೂ ಕರ್ನಾಟಕ ತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ. 2015ರಲ್ಲಿ ಅವರು ಅಮೆರಿಕಕ್ಕೆ ಹೋದರು, ಅಲ್ಲಿನ ಕ್ಲಬ್ಬುಗಳಲ್ಲಿ ಆಡಿದರು, ದೇಶದ ತಂಡ ಸೇರಿದರು. ಇದೆಲ್ಲ ಸಾಧ್ಯವಾದದ್ದರ ಹಿಂದೆ ಪ್ರತಿಭೆಯ ಜೊತೆಗೆ ಇನ್ನೊಂದು ಸಂಗತಿ ಇದೆ. ಕೆಂಜಿಗೆ ಹುಟ್ಟಿದ್ದು ಅಲಬಾಮಾ ರಾಜ್ಯದ ಆಬರ್ನ್ ಎಂಬಲ್ಲಿ. ಹುಟ್ಟಿನಿಂದಲೇ ಅವರು ಅಮೆರಿಕದ ಪ್ರಜೆ. ಯಾವ ಕ್ಲಬ್ಬಿನ ಪತ್ರವೂ ಅವರಿಗೆ ಬೇಕಿರಲಿಲ್ಲ, ಯಾವ ವೀಸಾ ಅಧಿಕಾರಿಯ ಮುಂದೆಯೂ ನಿಲ್ಲಬೇಕಿರಲಿಲ್ಲ.

ಅಷ್ಟೇ ಚೆನ್ನಾಗಿ ಚೆಂಡು ತಿರುಗಿಸುವ ಹುಡುಗನೊಬ್ಬ ನಮ್ಮ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿದ್ದಾನೆ ಎಂದುಕೊಳ್ಳಿ. ಅವನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟು. ಅವನಿಗೆ ಯಾವ ದಾರಿ ಇದೆ? ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಕಡೆಯ ಹುಡುಗರು ಈಗ ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳುತ್ತಿದ್ದಾರೆ. "ಸರ್, ಇಂಗ್ಲೆಂಡಿನ ಕ್ಲಬ್ಬಿಗೆ ಆಡಾಕ ಹೋಗಬೇಕಂದ್ರ ಏನ್ ಮಾಡಬೇಕ್ರಿ?" ಮೊಬೈಲಿನಲ್ಲಿ ಯಾರೋ ಕಳಿಸಿದ ಜಾಹೀರಾತು ಅವರ ಕೈಯಲ್ಲಿರುತ್ತದೆ. ಹಸಿರು ಮೈದಾನ, ಬಿಳಿ ಉಡುಪು, ಕೆಳಗೆ ಒಂದು ಫೋನ್ ನಂಬರು. ಆ ನಂಬರಿಗೆ ಕರೆ ಮಾಡುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಸೆ ನಮ್ಮ ಭಾಗದಲ್ಲಿ ಹುಟ್ಟುವುದಕ್ಕೆ ಹವಾಮಾನವೇ ಒಂದು ಕಾರಣ. ಬಂಕಾಪುರದ ಸುತ್ತ ಜೂನ್ ಬಂತೆಂದರೆ ಹತ್ತಿ, ಗೋವಿನಜೋಳದ ಬಿತ್ತನೆ. ಸುಗ್ಗಿ ಮುಗಿದ ಮೇಲೆ ಟೆನಿಸ್ ಬಾಲ್ ಟೂರ್ನಿ ನಡೆಸಿದ ಹೊಲಗಳು ಮತ್ತೆ ಹೊಲಗಳಾಗುತ್ತವೆ. ಮಳೆಗೆ ಊರ ಬಯಲು ಕೆಸರಾಗುತ್ತದೆ. ಅಲ್ಲಿಂದ ನಾಲ್ಕೈದು ತಿಂಗಳು ಲೆದರ್ ಬಾಲ್ ಹಿಡಿಯುವ ಅವಕಾಶವೇ ಕಡಿಮೆ. ಇಂಗ್ಲೆಂಡಿನ ಕ್ರಿಕೆಟ್ ಋತು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಮ್ಮಲ್ಲಿ ಆಟ ನಿಂತಾಗ ಅಲ್ಲಿ ಆಟ ತುಂಬಿ ಹರಿಯುತ್ತಿರುತ್ತದೆ. ಮೋಡ ಕವಿದ ಹವೆಯಲ್ಲಿ, ತೇವದ ಪಿಚ್ಚಿನ ಮೇಲೆ ಒಂದು ಋತು ಪೂರ್ತಿ ಆಡಿದವನ ಬ್ಯಾಟಿಂಗೂ ಬೌಲಿಂಗೂ ಬದಲಾಗುತ್ತವೆ. 1995ರ ಒಂದೇ ಋತುವಿನಲ್ಲಿ ಅನಿಲ್ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ಕೌಂಟಿಗಾಗಿ ಪ್ರಥಮ ದರ್ಜೆ ಪಂದ್ಯಗಳಲ್ಲಿ 105 ವಿಕೆಟ್ ಪಡೆದರು. ಜಾವಗಲ್ ಶ್ರೀನಾಥ್ ಗ್ಲಾಸ್ಟರ್‌ಶೈರ್‌ಗಾಗಿ 87 ಪಡೆದರು. ರಾಹುಲ್ ದ್ರಾವಿಡ್ 2000ದಲ್ಲಿ ಕೆಂಟ್‌ಗೆ ಆಡಿದರು, 2003ರಲ್ಲಿ ಸ್ಕಾಟ್ಲೆಂಡ್ ತಂಡದ ಪರ ಇಂಗ್ಲೆಂಡಿನ ಏಕದಿನ ಲೀಗಿನಲ್ಲಿ ಮೂರು ಶತಕಗಳೊಂದಿಗೆ 600 ರನ್ ಗಳಿಸಿದರು.

ಇವರೆಲ್ಲ ದೊಡ್ಡ ಹೆಸರುಗಳು. ನಮಗೆ ಹತ್ತಿರದ ಉದಾಹರಣೆ ಗದಗಿನ ಸುನಿಲ್ ಜೋಶಿ. ಹುಡುಗನಾಗಿದ್ದಾಗ ಬೆಳಗಿನಲ್ಲೇ ಗದಗಿನಿಂದ ಹುಬ್ಬಳ್ಳಿಗೆ ಬಂದು, ಅಭ್ಯಾಸ ಮುಗಿಸಿ, ಮತ್ತೆ ಗದಗಿಗೆ ಮರಳಿ ಶಾಲೆಗೆ ಹೋಗುತ್ತಿದ್ದವರು. ಅವರು ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ಪಡೆದರು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಎಂಬ ಸಣ್ಣ ಕೌಂಟಿಗೂ ಆಡಿದರು. ಬಂಕಾಪುರದಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರ. ಹಾಗಾಗಿ ಜೋಶಿ ನಡೆದ ದಾರಿಯನ್ನು ನಮ್ಮ ಹುಡುಗರು ಕನಸು ಕಾಣುವುದರಲ್ಲಿ ಅತಿಯಾಸೆ ಏನೂ ಇಲ್ಲ.

ಕೌಂಟಿಯ ಕೆಳಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಲೋಕವಿದೆ: ಊರ ಕ್ಲಬ್ಬುಗಳ ಶನಿವಾರದ ಲೀಗ್. ಅದರಲ್ಲಿ ಹೆಚ್ಚು ಹೆಸರಾದದ್ದು 1892ರಲ್ಲಿ ಶುರುವಾದ ಲ್ಯಾಂಕಾಶೈರ್ ಲೀಗ್. ನೆಲ್ಸನ್, ಹಾಸ್ಲಿಂಗ್‌ಡೆನ್, ರಿಷ್ಟನ್, ಕೋನ್ ಎಲ್ಲವೂ ಹತ್ತಿ ಗಿರಣಿಗಳ ಸಣ್ಣ ಊರುಗಳು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಲ್ಯಾಂಕಾಶೈರಿಗೆ ಹತ್ತಿ ಬರುವುದು ನಿಂತಾಗ, ಬಂಕಾಪುರವೂ ಸೇರಿದ್ದ ಆಗಿನ ಧಾರವಾಡ ಜಿಲ್ಲೆಯ ಹತ್ತಿಗೆ ಆ ಗಿರಣಿಗಳಿಂದ ಭಾರಿ ಬೇಡಿಕೆ ಬಂದಿತ್ತು. ನಮ್ಮ ನೆಲಕ್ಕೂ ಆ ಊರುಗಳಿಗೂ ಇರುವ ನಂಟು ಕ್ರಿಕೆಟ್ಟಿಗಿಂತ ಹಳೆಯದು.

ಆ ಲೀಗಿನ ನಿಯಮ ಸರಳ. ಪ್ರತಿ ಕ್ಲಬ್ಬಿಗೆ ಹಣ ಪಡೆದು ಆಡುವ ಒಬ್ಬನೇ ಆಟಗಾರ. ಉಳಿದವರೆಲ್ಲ ಆ ಊರಿನ ಗಿರಣಿ ಕೆಲಸಗಾರರು, ಮೇಷ್ಟ್ರುಗಳು, ಅಂಗಡಿಯವರು ಆಗಿರುತ್ತಿದ್ದರು. ಆ ಒಬ್ಬ ಆಟಗಾರ ಊರಿನಲ್ಲೇ ಮನೆ ಮಾಡಿ, ವಾರದ ದಿನಗಳಲ್ಲಿ ಮಕ್ಕಳಿಗೆ ಆಟ ಕಲಿಸಿ, ವಾರಾಂತ್ಯ ಪಂದ್ಯ ಗೆಲ್ಲಿಸಿಕೊಡಬೇಕು. ಅರ್ಧ ಶತಕ ಹೊಡೆದರೆ, ಐದು ವಿಕೆಟ್ ಕಿತ್ತರೆ ಮೈದಾನದ ಸುತ್ತ ಟೋಪಿ ಹಿಡಿದು ಪ್ರೇಕ್ಷಕರಿಂದ ಚಿಲ್ಲರೆ ಎತ್ತಿ ಅವನಿಗೆ ಕೊಡುವ ಪದ್ಧತಿ ಇತ್ತು. ಟ್ರಿನಿಡಾಡಿನ ಲಿಯರಿ ಕಾನ್‌ಸ್ಟಂಟೈನ್ 1929ರಿಂದ 1937ರವರೆಗೆ ಒಂಬತ್ತು ಋತು ನೆಲ್ಸನ್ನಿಗೆ ಆಡಿ ಏಳು ಸಲ ಲೀಗ್ ಗೆಲ್ಲಿಸಿದರು. ಅಮರ್ ಸಿಂಗ್ ಕೋನ್‌ಗೆ ಆಡಿದರು. ಲಾಲಾ ಅಮರನಾಥ್ ನೆಲ್ಸನ್ನಿಗೆ ಆಡಿದರು. 1981ರಲ್ಲಿ ಕಪಿಲ್ ದೇವ್ ಕೂಡ ಅದೇ ನೆಲ್ಸನ್ನಿಗೆ ಬಂದರು.

ವಿನೂ ಮಂಕಡ್ ಅವರ 1952ರ ಕಥೆಯನ್ನು ನಮ್ಮ ಪ್ರತಿಯೊಬ್ಬ ಹುಡುಗನೂ ತಿಳಿದಿರಬೇಕು. ಆ ವರ್ಷ ಭಾರತ ತಂಡ ಇಂಗ್ಲೆಂಡ್ ಪ್ರವಾಸಕ್ಕೆ ಹೊರಡಲಿತ್ತು. ಹಾಸ್ಲಿಂಗ್‌ಡೆನ್ ಕ್ಲಬ್ಬು ಮಂಕಡ್‌ಗೆ ಒಳ್ಳೆಯ ಕರಾರು ಮುಂದಿಟ್ಟಿತ್ತು. ತನ್ನನ್ನು ಪ್ರವಾಸಕ್ಕೆ ಆಯ್ಕೆ ಮಾಡುವುದು ಖಚಿತವೇ ಎಂದು ಅವರು ಭಾರತೀಯ ಮಂಡಳಿಯನ್ನು ಕೇಳಿದರು. ಖಚಿತ ಉತ್ತರ ಬರಲಿಲ್ಲ. ಅವರು ಕ್ಲಬ್ಬಿನ ಕರಾರಿಗೆ ಸಹಿ ಹಾಕಿದರು. ಲೀಡ್ಸ್ ಟೆಸ್ಟಿನ ಎರಡನೆಯ ಇನಿಂಗ್ಸಿನಲ್ಲಿ ಭಾರತ ರನ್ನೇ ಇಲ್ಲದೆ ನಾಲ್ಕು ವಿಕೆಟ್ ಕಳೆದುಕೊಂಡಿತು. ಆಮೇಲೆ ಮಂಡಳಿ ಹಾಸ್ಲಿಂಗ್‌ಡೆನ್ ಕ್ಲಬ್ಬನ್ನು ಕೇಳಿಕೊಂಡು ಮಂಕಡ್‌ರನ್ನು ಕರೆಸಿಕೊಳ್ಳಬೇಕಾಯಿತು. ಲಾರ್ಡ್ಸ್‌ನಲ್ಲಿ ಅವರು 72 ಮತ್ತು 184 ಹೊಡೆದರು, 73 ಓವರು ಎಸೆದು 196 ರನ್ನಿಗೆ 5 ವಿಕೆಟ್ ಕಿತ್ತರು. ಭಾರತ ಆ ಪಂದ್ಯ ಸೋತಿತು, ಮಂಕಡ್ ಹೆಸರು ಉಳಿಯಿತು. ಕ್ಲಬ್ಬಿನ ಕರಾರು ಮತ್ತು ದೇಶದ ಮಂಡಳಿ ಎದುರುಬದುರಾದಾಗ ಆಟಗಾರ ಎಂಥ ಇಕ್ಕಟ್ಟಿಗೆ ಸಿಲುಕುತ್ತಾನೆ ಎಂಬುದನ್ನು ಎಪ್ಪತ್ತು ವರ್ಷದ ಹಿಂದೆಯೇ ಅದು ತೋರಿಸಿತ್ತು.

ಆದರೆ ಮಂಕಡ್‌ಗೆ ಇಂದಿನ ಹುಡುಗರಿಗಿರುವ ಒಂದು ತೊಂದರೆ ಇರಲಿಲ್ಲ. 1962ರ ಕಾಮನ್‌ವೆಲ್ತ್ ವಲಸೆ ಕಾಯ್ದೆ ಬರುವವರೆಗೂ ಭಾರತದ ಪ್ರಜೆ ಬ್ರಿಟನ್ನಿಗೆ ಹೋಗಿ ಕೆಲಸ ಮಾಡಲು ಅಲ್ಲಿನ ಸರ್ಕಾರದ ಅಪ್ಪಣೆ ಬೇಕಿರಲಿಲ್ಲ. 1986ರಲ್ಲಿ ಭಾರತೀಯ ಪ್ರವಾಸಿಗರಿಗೂ ವೀಸಾ ಕಡ್ಡಾಯವಾಯಿತು. ಅಲ್ಲಿಂದ ನಿಯಮಗಳು ಬಿಗಿಯಾಗುತ್ತಲೇ ಬಂದಿವೆ.

ಇವತ್ತು ಬ್ರಿಟನ್ನಿಗೆ ಕ್ಲಬ್ ಕ್ರಿಕೆಟ್ ಆಡಲು ಹೋಗುವ ಭಾರತೀಯನಿಗೆ ಮುಖ್ಯವಾಗಿ ಎರಡು ಬಾಗಿಲುಗಳಿವೆ. ಒಂದು ಸಂದರ್ಶಕ ವೀಸಾ, ಇನ್ನೊಂದು 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕ್ರೀಡಾಪಟು ವೀಸಾ. ಯಾವ ಬಾಗಿಲಿನಿಂದ ಹೋಗಬೇಕು ಎಂಬುದನ್ನು ಅರ್ಜಿ ಹಾಕುವವನ ಇಷ್ಟ ನಿರ್ಧರಿಸುವುದಿಲ್ಲ. ಬ್ರಿಟನ್ನಿನ ಕಾನೂನು ಅವನನ್ನು ಹವ್ಯಾಸಿ ಎಂದು ಕಾಣುತ್ತದೋ ವೃತ್ತಿಪರ ಎಂದು ಕಾಣುತ್ತದೋ, ಅದು ನಿರ್ಧರಿಸುತ್ತದೆ.

ಹವ್ಯಾಸಿಯಾದರೆ ಸಂದರ್ಶಕ ವೀಸಾದ ಮೇಲೆ, ಸಾಮಾನ್ಯವಾಗಿ ಆರು ತಿಂಗಳ ಒಳಗೆ, ಹವ್ಯಾಸಿ ಕ್ಲಬ್ಬೊಂದನ್ನು ಸೇರಿ ಆಟದ ಅನುಭವ ಪಡೆಯಲು ಅವಕಾಶವಿದೆ. ಪ್ರಯಾಣ, ಊಟ, ವಸತಿಯ ನ್ಯಾಯವಾದ ಖರ್ಚನ್ನು ಕ್ಲಬ್ಬು ಕೊಡಬಹುದು. ಸಂಬಳ ಕೊಡುವಂತಿಲ್ಲ. ವಿಕೆಟ್ಟಿಗಿಷ್ಟು ಎಂದು ಕೈಗೆ ನೋಟು ತುರುಕುವಂತಿಲ್ಲ. ಕ್ಲಬ್ಬಿನ ಬಾರಿನಲ್ಲಿ ಗ್ಲಾಸು ತೊಳೆಯುವ, ಮೈದಾನದ ಹುಲ್ಲು ಕತ್ತರಿಸುವ ಕೆಲಸವನ್ನು ಕೂಲಿಗೆ ಕೊಡುವಂತಿಲ್ಲ.

ಇಲ್ಲಿಯೇ ನಮ್ಮ ಹುಡುಗರು ಎಡವುವುದು. "ನಾನು ದುಡ್ಡು ತಗೊಳ್ಳೋದಿಲ್ಲ, ಅಂದಮೇಲೆ ನಾನು ಹವ್ಯಾಸಿ" ಎಂದು ಅವರು ನಂಬಿರುತ್ತಾರೆ. ಬ್ರಿಟನ್ನಿನ ವಲಸೆ ನಿಯಮ ಹಾಗೆ ಹೇಳುವುದಿಲ್ಲ. ಅದರ ಪ್ರಕಾರ ಹವ್ಯಾಸಿ ಎಂದರೆ ಕೇವಲ ತನ್ನ ಸಂತೋಷಕ್ಕಾಗಿ ಆಡುವವನು, ಆಟದಿಂದ ಜೀವನ ನಡೆಸುವ ಉದ್ದೇಶವೇ ಇಲ್ಲದವನು. ವೃತ್ತಿಪರ ಎಂಬುದರ ವ್ಯಾಪ್ತಿ ಬಹಳ ದೊಡ್ಡದು. ಈಗ ಆಟದಿಂದ ಗಳಿಸುವವರು, ಹಿಂದೆ ಗಳಿಸಿದವರು, ಮುಂದೆ ಗಳಿಸಬೇಕೆಂದು ಹೊರಟವರು ಎಲ್ಲರೂ ಅದರೊಳಗೆ ಬರುತ್ತಾರೆ. ಕಳೆದ ಎರಡು ವರ್ಷಗಳಲ್ಲಿ ದೇಶದ ತಂಡಕ್ಕೆ ಅಥವಾ ರಾಜ್ಯದ ತಂಡಕ್ಕೆ ಆಡಿದವರು ಬರುತ್ತಾರೆ, 17 ವರ್ಷದೊಳಗಿನವರ ತಂಡದಿಂದ ಮೇಲಕ್ಕೆ ಎಲ್ಲ ವಯೋಮಿತಿಯ ತಂಡಗಳೂ ಇದರಲ್ಲಿ ಸೇರಿವೆ. ವೃತ್ತಿಪರ ಅಥವಾ ಅರೆವೃತ್ತಿಪರ ತಂಡದಲ್ಲಿ ಹೆಸರು ನೋಂದಾಯಿಸಿದವರೂ ಬರುತ್ತಾರೆ.

ಇದರ ಪರಿಣಾಮವನ್ನು ಯೋಚಿಸಿ. ಬಂಕಾಪುರದ ಹುಡುಗನೊಬ್ಬ ವರ್ಷಗಟ್ಟಲೆ ಹುಬ್ಬಳ್ಳಿಗೆ ಓಡಾಡಿ, ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯದ ಪಂದ್ಯಗಳಲ್ಲಿ ಕಣ್ಣಿಗೆ ಬಿದ್ದು, ಕರ್ನಾಟಕದ 19 ವರ್ಷದೊಳಗಿನವರ ತಂಡಕ್ಕೆ ಒಂದೇ ಒಂದು ಪಂದ್ಯ ಆಡಿದ ಎನ್ನಿ. ಅವನ ಜೇಬಿನಲ್ಲಿ ಐದು ಸಾವಿರ ರೂಪಾಯಿ ಇಲ್ಲದಿದ್ದರೂ ಬ್ರಿಟನ್ನಿನ ಲೆಕ್ಕದಲ್ಲಿ ಅವನು ವೃತ್ತಿಪರ. ಎರಡು ವರ್ಷ ಅವನಿಗೆ ಸಂದರ್ಶಕ ವೀಸಾದ ಬಾಗಿಲು ಮುಚ್ಚಿತು. ಅತ್ತ ಬೆಂಗಳೂರಿನ ಸಿರಿವಂತ ಮನೆಯ ಹುಡುಗನೊಬ್ಬ ಯಾವ ತಂಡಕ್ಕೂ ಆಯ್ಕೆಯಾಗದೆ, ಅಪ್ಪನ ಖರ್ಚಿನಲ್ಲಿ ಒಂದು ಬೇಸಿಗೆ ಇಂಗ್ಲೆಂಡಿನಲ್ಲಿ ಆಡಿ ಬರಬಹುದು. ಆಟದಿಂದ ಬದುಕು ಕಟ್ಟಿಕೊಳ್ಳುವ ಆಸೆ ಬಡವನ ಮಗನಿಗೇ ಹೆಚ್ಚು, ಮತ್ತು ಆ ಆಸೆಯೇ ಅವನನ್ನು ಹೊರಗಿಡುತ್ತದೆ. ತಮ್ಮ ದೇಶದ ಆಟಗಾರರ ಕೆಲಸ ಕಾಯುವುದು ಬ್ರಿಟನ್ನಿನ ಹಕ್ಕು, ಸಂದರ್ಶಕರ ಹೆಸರಿನಲ್ಲಿ ಕದ್ದು ಸಂಬಳ ಕೊಡುವುದನ್ನು ತಡೆಯಬೇಕಾದದ್ದೂ ನಿಜ. ಆದರೂ ಈ ವ್ಯಾಖ್ಯಾನ ಹಳ್ಳಿಯ ಪ್ರತಿಭೆಗೆ ಅನ್ಯಾಯ ಮಾಡುತ್ತದೆ ಎಂದೇ ನನ್ನ ಅಭಿಪ್ರಾಯ.

ಎರಡನೆಯ ಬಾಗಿಲು ಇನ್ನೂ ಎತ್ತರದಲ್ಲಿದೆ. ಕ್ರೀಡಾಪಟು ವೀಸಾಗೆ ಮೊದಲು ಕ್ಲಬ್ಬಿನ ಕೈಯಲ್ಲಿ ಬ್ರಿಟನ್ ಗೃಹ ಇಲಾಖೆಯ ಪ್ರಾಯೋಜಕ ಪರವಾನಗಿ ಇರಬೇಕು. ಆಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್ ಕ್ರಿಕೆಟ್ ಮಂಡಳಿ, ಅಂದರೆ ಇಸಿಬಿ, ಆ ಆಟಗಾರನಿಗೆ ಅನುಮೋದನೆ ಕೊಡಬೇಕು. ಆಟದ ಮಟ್ಟ, ಆಡಿದ ಪಂದ್ಯಗಳ ದಾಖಲೆ ನೋಡಿಯೇ ಅದು ಕೊಡುವುದು. ಟೆನಿಸ್ ಬಾಲ್ ಟೂರ್ನಿಯ ಕಪ್ಪುಗಳು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದರ ನಂತರ ಕ್ಲಬ್ಬು ಪ್ರಾಯೋಜಕತ್ವದ ಪ್ರಮಾಣಪತ್ರ ನೀಡುತ್ತದೆ. ಆ ಪತ್ರದ ಸಂಖ್ಯೆ ಇಟ್ಟುಕೊಂಡು ಆಟಗಾರ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಬೆರಳಚ್ಚು, ಭಾವಚಿತ್ರ ಕೊಡಬೇಕು. ಕೈಯಲ್ಲಿ 1,270 ಪೌಂಡು 28 ದಿನ ಇದ್ದುದಕ್ಕೆ ಬ್ಯಾಂಕಿನ ದಾಖಲೆ ತೋರಿಸಬೇಕು, ಇಲ್ಲವೇ ಕ್ಲಬ್ಬೇ ಅವನ ಖರ್ಚಿಗೆ ಹೊಣೆ ಎಂದು ಬರೆದುಕೊಡಬೇಕು. ಆರು ತಿಂಗಳಿಗಿಂತ ಹೆಚ್ಚು ಕಾಲ ಹೋಗುವ ಭಾರತೀಯನಿಗೆ ಕ್ಷಯರೋಗದ ಪರೀಕ್ಷೆಯೂ ಆರೋಗ್ಯ ಶುಲ್ಕವೂ ಸೇರಿಕೊಳ್ಳುತ್ತವೆ.

ಹಲವು ಸಣ್ಣ ಕ್ಲಬ್ಬುಗಳು ಈ ಗೋಜಿಗೇ ಹೋಗುವುದಿಲ್ಲ. ಅಕ್ರಮವಾಗಿ ಒಬ್ಬನನ್ನು ಕೆಲಸಕ್ಕಿಟ್ಟುಕೊಂಡು ಸಿಕ್ಕಿಬಿದ್ದರೆ ಮೊದಲ ತಪ್ಪಿಗೇ 45,000 ಪೌಂಡಿನವರೆಗೆ ದಂಡ ಬೀಳಬಹುದು. 2024ರ ಫೆಬ್ರವರಿಯಿಂದ ಈ ಮೊತ್ತ ಜಾರಿಯಲ್ಲಿದೆ. ವಾರಾಂತ್ಯದ ಚಹಾ, ಬಿಯರು ಮಾರಿ ನಡೆಯುವ ಕ್ಲಬ್ಬಿಗೆ ಅಷ್ಟು ದಂಡ ಕಟ್ಟುವುದೆಂದರೆ ಬಾಗಿಲು ಹಾಕಿಕೊಂಡಂತೆಯೇ.

ಪಕ್ಕದ ದಾರಿಗಳೂ ಇವೆ, ಆದರೆ ಅವುಗಳ ಮೇಲೂ ಬೇಲಿ ಇದೆ. 2023ರಲ್ಲಿ ಶುರುವಾದ ಯುವ ವೃತ್ತಿಪರರ ಯೋಜನೆಯಲ್ಲಿ ವರ್ಷಕ್ಕೆ 3,000 ಭಾರತೀಯರಿಗೆ ಎರಡು ವರ್ಷ ಬ್ರಿಟನ್ನಿನಲ್ಲಿ ಬದುಕಿ ದುಡಿಯುವ ಅವಕಾಶವಿದೆ. 18ರಿಂದ 30 ವಯಸ್ಸು, ಪದವಿ, 2,530 ಪೌಂಡು ಉಳಿತಾಯ, ಮೇಲೆ ಚೀಟಿ ಎತ್ತಿದಾಗ ಹೆಸರು ಬರುವ ಅದೃಷ್ಟ ಬೇಕು. ಆ ವೀಸಾದಲ್ಲಿ ವೃತ್ತಿಪರ ಕ್ರೀಡಾಪಟುವಾಗಿಯೂ ತರಬೇತುದಾರನಾಗಿಯೂ ದುಡಿಯುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಓದಲು ಹೋದ ವಿದ್ಯಾರ್ಥಿಗೂ ಇದೇ ನಿರ್ಬಂಧ. ಆದರೆ ಓದುತ್ತ, ವಾರಾಂತ್ಯ ತನ್ನ ಸಂತೋಷಕ್ಕೆ ಊರ ಕ್ಲಬ್ಬಿಗೆ ಆಡುವ ಹವ್ಯಾಸಿಗೆ ಅಡ್ಡಿಯಿಲ್ಲ. ನಮ್ಮ ಕಡೆಯಿಂದ ಸ್ನಾತಕೋತ್ತರ ಓದಿಗೆ ಹೋಗುವ ಹುಡುಗರು ಹೆಚ್ಚುತ್ತಿದ್ದಾರೆ. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ನೇರವಾದ ದಾರಿ. ಅಂಥವರು ಹೋದ ಮೊದಲ ವಾರವೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಪ್ಯಾಡು ಕಟ್ಟಲಿ.

ವೀಸಾ ಸಿಕ್ಕಿತು ಎಂದಮಾತ್ರಕ್ಕೆ ಮುಗಿಯಲಿಲ್ಲ, ಭಾರತೀಯ ಮಂಡಳಿಯ ಅಪ್ಪಣೆಯೂ ಬೇಕು. ರಾಜ್ಯ ಸಂಸ್ಥೆಯಲ್ಲಿ ನೋಂದಾಯಿತ ಆಟಗಾರ ಹೊರದೇಶದಲ್ಲಿ ಆಡಬೇಕಾದರೆ ಆ ಸಂಸ್ಥೆಯ ಮೂಲಕ ಬಿಸಿಸಿಐಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಕೌಂಟಿಗೆ ಅದು ಸಿಗುತ್ತದೆ. ಕರುಣ್ ನಾಯರ್ ಕರ್ನಾಟಕ ತಂಡದಿಂದ ಹೊರಬಿದ್ದ ಕಾಲದಲ್ಲಿ, 2023ರಲ್ಲಿ, ನಾರ್ಥಾಂಪ್ಟನ್‌ಶೈರ್‌ಗೆ ಹೋಗಿ ಓವಲ್‌ನಲ್ಲಿ ಸರ್ರೆ ವಿರುದ್ಧ 150 ಹೊಡೆದರು. ಮರುವರ್ಷ ಗ್ಲಾಮೋರ್ಗನ್ ವಿರುದ್ಧ ದ್ವಿಶತಕ ಬಾರಿಸಿದರು. 2025ರಲ್ಲಿ ಅದೇ ಇಂಗ್ಲೆಂಡಿನಲ್ಲಿ ಅವರು ಮತ್ತೆ ಭಾರತದ ಟೆಸ್ಟ್ ತಂಡಕ್ಕೆ ಮರಳಿದರು. ಆದರೆ ಹೊರದೇಶದ ಟಿ20 ಲೀಗುಗಳಿಗೆ, ಆಟದಲ್ಲಿ ಮುಂದುವರಿದಿರುವ ಪುರುಷ ಆಟಗಾರರಿಗೆ ಮಂಡಳಿ ಒಪ್ಪಿಗೆ ಕೊಡುವುದಿಲ್ಲ. ಕೊಡಗಿನ ರಾಬಿನ್ ಉತ್ತಪ್ಪ 2022ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದ ಮೇಲೆಯೇ ದುಬೈ ಕ್ಯಾಪಿಟಲ್ಸ್ ಸೇರಲು ಸಾಧ್ಯವಾಯಿತು. ಮಹಿಳೆಯರಿಗೆ ಈ ತಡೆ ಇಲ್ಲ ಎಂಬುದು ಸಂತೋಷದ ಸಂಗತಿ. ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಆಸ್ಟ್ರೇಲಿಯದ ಹೋಬಾರ್ಟ್ ಹರಿಕೇನ್ಸ್ ಸೇರಿದರು. ಶ್ರೇಯಾಂಕಾ ಪಾಟೀಲ 2023ರಲ್ಲಿ ಭಾರತದ ಹಿರಿಯರ ತಂಡಕ್ಕೆ ಆಡುವ ಮೊದಲೇ ಗಯಾನಾದ ಅಮೆಜಾನ್ ವಾರಿಯರ್ಸ್ ಪರ ಕೆರಿಬಿಯನ್ ಲೀಗಿಗೆ ಹೋಗಿ, ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ಪಡೆದರು. ಹಾವೇರಿ ಜಿಲ್ಲೆಯಲ್ಲಿ ಬ್ಯಾಟು ಹಿಡಿದ ಮಗಳಿರುವ ತಂದೆತಾಯಿ ಈ ವ್ಯತ್ಯಾಸವನ್ನು ಗಮನಿಸಲಿ.

ಲೀಗಿಗೆ ಮಾನ್ಯತೆ ಇದೆಯೇ ಎಂಬುದನ್ನೂ ನೋಡಬೇಕು. ಅಮೆರಿಕದ ನ್ಯಾಷನಲ್ ಕ್ರಿಕೆಟ್ ಲೀಗ್ ಎಂಬ ಟೂರ್ನಿಯ ಮುಂದಿನ ಆವೃತ್ತಿಗಳಿಗೆ ಐಸಿಸಿ 2024ರ ಡಿಸೆಂಬರ್‌ನಲ್ಲಿ ಅನುಮತಿ ನಿರಾಕರಿಸಿತು. ಆಡುವ ಹನ್ನೊಂದರಲ್ಲಿ ನಿಗದಿಗಿಂತ ಹೆಚ್ಚು ಹೊರದೇಶದವರನ್ನು ಇಳಿಸಿದ್ದು ಮುಖ್ಯ ಕಾರಣ. ಕ್ರೀಡಾ ವೀಸಾ ಇಲ್ಲದವರನ್ನೂ ಆಡಿಸಿದ ಬಗ್ಗೆ ಪತ್ರಿಕೆಗಳಲ್ಲಿ ವರದಿಗಳು ಬಂದವು. ಸಂಘಟಕರ ತಪ್ಪಿಗೆ ಆಟಗಾರನ ಪಾಸ್‌ಪೋರ್ಟಿನ ಮೇಲೆ ಕಲೆ ಬೀಳಬಹುದು.

ವೀಸಾ ಕೊಡುವ ವಿಷಯದಲ್ಲಿ ನಮ್ಮ ದೇಶದ ಕಚೇರಿಗಳೂ ದೂರಿಗೆ ಹೊರತಲ್ಲ. 2023ರ ಆರಂಭದಲ್ಲಿ ಆಸ್ಟ್ರೇಲಿಯ ತಂಡ ಬೆಂಗಳೂರಿನ ಆಲೂರಿನಲ್ಲಿ ಅಭ್ಯಾಸಕ್ಕೆ ಬಂದಾಗ, ಪಾಕಿಸ್ತಾನದಲ್ಲಿ ಹುಟ್ಟಿದ ಉಸ್ಮಾನ್ ಖ್ವಾಜಾ ಅವರಿಗೆ ಭಾರತದ ವೀಸಾ ತಡವಾಗಿ ಸಂಗಡಿಗರ ಜೊತೆ ವಿಮಾನ ಹತ್ತಲಾಗಲಿಲ್ಲ. 2024ರ ಜನವರಿಯಲ್ಲಿ ಇಂಗ್ಲೆಂಡಿನಲ್ಲೇ ಹುಟ್ಟಿದ, ಇಂಗ್ಲೆಂಡ್ ತಂಡದ ಶೋಯೆಬ್ ಬಶೀರ್, ಪಾಕಿಸ್ತಾನ ಮೂಲದ ಕುಟುಂಬದವರಾದ್ದರಿಂದ, ವೀಸಾ ಕಾಯುತ್ತ ಹೈದರಾಬಾದ್ ಟೆಸ್ಟನ್ನು ಕಳೆದುಕೊಂಡರು. ನಮ್ಮ ಹುಡುಗನಿಗೆ ವೀಸಾ ತಡವಾದಾಗ ಆಗುವ ಸಂಕಟವೇ ಅವರಿಗೂ ಆದದ್ದು. ಇತರರ ಬಾಗಿಲ ಬಗ್ಗೆ ಮಾತಾಡುವಾಗ ನಮ್ಮ ಬಾಗಿಲನ್ನೂ ಸರಿಮಾಡಿಕೊಳ್ಳಬೇಕು.

ಇಂಗ್ಲೆಂಡಿಗಿಂತ ನಮ್ಮ ಭಾಗಕ್ಕೆ ಹತ್ತಿರವಾದದ್ದು ಕೊಲ್ಲಿ ದೇಶಗಳು. ದುಬೈ, ಶಾರ್ಜಾ, ಮಸ್ಕತ್, ಬಹರೈನ್‌ಗಳಲ್ಲಿ ಕಂಪನಿಗಳ ತಂಡಗಳಿವೆ, ರಜೆಯ ದಿನ ಲೀಗುಗಳು ನಡೆಯುತ್ತವೆ. ಅಲ್ಲಿಗೆ ಹೋಗುವುದು ಕೆಲಸದ ವೀಸಾದಲ್ಲಿ. ಹಗಲು ಗೋದಾಮಿನಲ್ಲಿ, ಲೆಕ್ಕಪತ್ರ ವಿಭಾಗದಲ್ಲಿ ದುಡಿದು ಸಂಜೆ ದೀಪದ ಬೆಳಕಿನಲ್ಲಿ ಆಟ. ಮೂರು ವರ್ಷ ಸತತವಾಗಿ ಒಂದು ದೇಶದಲ್ಲಿ ನೆಲೆಸಿದವನು ಐಸಿಸಿ ನಿಯಮದಂತೆ ಆ ದೇಶದ ತಂಡಕ್ಕೂ ಅರ್ಹನಾಗಬಹುದು. ಅಲ್ಲಿನ ತಂಡಗಳಲ್ಲಿ ಭಾರತ, ಪಾಕಿಸ್ತಾನ ಮೂಲದ ಹೆಸರುಗಳು ತುಂಬಿರುವುದಕ್ಕೆ ಇದೂ ಒಂದು ಕಾರಣ. ಆದರೆ ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂಬ ಗುರುತು ಇರುತ್ತದೆ. ಅಂಥವರು ಈ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿ ಪಡೆಯಲೇಬೇಕು. ಭೇಟಿ ವೀಸಾದಲ್ಲಿ ಕಳಿಸಿ "ಅಲ್ಲಿ ಹೋದಮ್ಯಾಲ ಬದಲಿ ಮಾಡಸ್ತೀವಿ" ಎನ್ನುವವರ ಮಾತು ನಂಬಿದರೆ ಸಂಬಳವೂ ಇಲ್ಲ, ಕಾನೂನಿನ ರಕ್ಷಣೆಯೂ ಇಲ್ಲ.

ಒಳ್ಳೆಯ ಹೆಸರಿದ್ದವರಿಗೂ ಹೊರದೇಶದ ಕರಾರು ಕೈಕೊಡಬಹುದು. ಭಾರತಕ್ಕೆ ಟೆಸ್ಟ್ ಆಡಿದ ದೊಡ್ಡ ಗಣೇಶ್ 2024ರ ಆಗಸ್ಟ್‌ನಲ್ಲಿ ಕೀನ್ಯ ತಂಡದ ಮುಖ್ಯ ತರಬೇತುದಾರರಾಗಿ ನೇಮಕವಾದರು. ನೇಮಕದ ಕ್ರಮ ಸರಿಯಿಲ್ಲವೆಂದು ಅಲ್ಲಿನ ಮಂಡಳಿ ಒಂದು ತಿಂಗಳ ಸುಮಾರಿಗೆ ಅದನ್ನು ರದ್ದುಮಾಡಿತು. ಅವರಿಗೇ ಹೀಗಾದರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಪುಟದ ಕಾಗದವನ್ನು ನಂಬಿ ಎತ್ತು ಮಾರುವ, ಹೊಲ ಅಡವಿಡುವ ಕುಟುಂಬದ ಗತಿ ಏನು?

ಸುಳ್ಳು ದಾಖಲೆಯ ಬೆಲೆ ಇನ್ನೂ ಹೆಚ್ಚು. ರಾಜ್ಯ ತಂಡಕ್ಕೆ ಆಡಿದ್ದನ್ನು ಮುಚ್ಚಿಟ್ಟು ಹವ್ಯಾಸಿ ಎಂದು ಬರೆದು ಸಿಕ್ಕಿಬಿದ್ದರೆ ಬ್ರಿಟನ್ 10 ವರ್ಷ ವೀಸಾ ನಿರಾಕರಿಸಬಹುದು. ಅಷ್ಟರಲ್ಲಿ ಆಡುವ ವಯಸ್ಸೇ ದಾಟಿರುತ್ತದೆ. ಪಂದ್ಯದ ಅಂಕಪಟ್ಟಿಗಳೆಲ್ಲ ಇಂದು ಅಂತರ್ಜಾಲದಲ್ಲಿವೆ, ಅಧಿಕಾರಿಗೆ ಹೆಸರು ಹುಡುಕಲು ಎರಡು ನಿಮಿಷ ಸಾಕು. ವಲಯದ ತಂಡಕ್ಕೆ ಆಡಿದವರು ಅದನ್ನೂ ಅರ್ಜಿಯಲ್ಲಿ ಹೇಳಲಿ. ತಾವು ಯಾವ ಗುಂಪಿಗೆ ಸೇರುತ್ತೇವೆ ಎಂಬುದನ್ನು ಕ್ಲಬ್ಬಿನ ಮೂಲಕ ಇಸಿಬಿಯಲ್ಲೇ ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಲಿ.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಧಾರವಾಡ ವಲಯಕ್ಕೆ ಒಂದು ಬಿನ್ನಹ. ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ಪ್ರತಿವರ್ಷ ಜನವರಿಯೊಳಗೆ ಒಂದು ದಿನವನ್ನು ಈ ವಿಷಯಕ್ಕೆ ಮೀಸಲಿಡಿ. ವೀಸಾ ಕಾನೂನು ಬಲ್ಲ ವಕೀಲರೊಬ್ಬರನ್ನು, ಇಂಗ್ಲೆಂಡಿನಲ್ಲಿ ಆಡಿ ಬಂದ ನಮ್ಮವರನ್ನು ಕರೆಸಿ, ಹಾವೇರಿ, ಗದಗ, ಧಾರವಾಡದ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ತಿಳಿಸಿ ಹೇಳಿ. ಆಡಿದ ಪಂದ್ಯಗಳ ಅಧಿಕೃತ ಪ್ರಮಾಣಪತ್ರವನ್ನು ಕೇಳಿದವರಿಗೆ ತಡಮಾಡದೆ ಕೊಡಿ. ನಿರಾಕ್ಷೇಪಣಾ ಪತ್ರಕ್ಕೆ ಎಲ್ಲಿ, ಯಾರಿಗೆ, ಎಷ್ಟು ದಿನ ಮೊದಲು ಬರೆಯಬೇಕು ಎಂಬುದನ್ನು ಕಚೇರಿಯ ಫಲಕದ ಮೇಲೆ ಹಾಕಿ.

ಆಟಗಾರರಿಗೂ ಅವರ ಮನೆಯವರಿಗೂ ಹೇಳುವುದಿಷ್ಟು. ಪ್ರಾಯೋಜಕ ಪರವಾನಗಿ ಇರುವ ಎಲ್ಲ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಕೊಲ್ಲಿಗೆ ಕಳಿಸುವ ನೋಂದಾಯಿತ ಏಜೆಂಟರ ಪಟ್ಟಿ ನಮ್ಮ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿದೆ. ಎರಡನ್ನೂ ನೋಡಲು ದುಡ್ಡು ಕೊಡಬೇಕಿಲ್ಲ. ಸಂಬಳದ ಆಟ ಎಂದು ಹೇಳಿ ನಿಮ್ಮನ್ನು ಕರೆಯುತ್ತಿರುವ ಕ್ಲಬ್ಬಿನ ಹೆಸರು, ನಿಮ್ಮಿಂದ ಹಣ ಕೇಳುತ್ತಿರುವ ಏಜೆಂಟನ ಹೆಸರು ಆ ಪಟ್ಟಿಗಳಲ್ಲಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.